ಕೆಂಪು ಬಿಳಿಗೆ ಇಳಿಯದಿರಲು

ಕುಕೀಸ್ ಮೇಲೆ ಹಚ್ಚುವ, ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿ ಕಲಸಿ ಮಾಡುವ ರಾಯಲ್ ಐಸಿಂಗ್‌ನಲ್ಲಿ ಕೆಂಪು ಪಕ್ಕದ ಬಿಳಿಗೆ ಹರಡಿದರೆ ಮೊದಲು ಬೈಗುಳ ತಿನ್ನುವುದು ಬಣ್ಣದ ಡಬ್ಬಿ. ತಪ್ಪು ಹೆಚ್ಚಾಗಿ ನೀರಿನದು. ಐಸಿಂಗ್ ತೆಳುವಾದಷ್ಟೂ ಒಣಗುವುದು ನಿಧಾನ. ಅಷ್ಟು ಹೊತ್ತೂ ತೇವದ ಜೊತೆ ಬಣ್ಣ ಸರಿಯುತ್ತಲೇ ಇರುತ್ತದೆ. ಚಾಕುವಿನಿಂದ ಎಳೆದ ಗೆರೆ 15–20 ಸೆಕೆಂಡಿನಲ್ಲಿ ಕೂಡಿಕೊಳ್ಳುವ ಹದ ಸಾಕು. ಗಾಢ ಬಣ್ಣ ಮೊದಲು ತುಂಬಿ, ಫ್ಯಾನ್ ಗಾಳಿಗೆ 8–12 ಗಂಟೆ ಒಣಗಿಸಿ, ಆಮೇಲೆ ಬಿಳಿ. ಫ್ರಿಜ್ ಬೇಡ, ಹೊರತೆಗೆದಾಗ ಮೇಲೆ ಕೂರುವ ತೇವವೇ ಕಲೆ ಮಾಡುತ್ತದೆ.

ಕಪ್ಪು, ಕೆಂಪು ಸರಿಯಾಗಿ ಬರಲಿಲ್ಲವೆಂದು ಜೆಲ್ (ಮಂದವಾದ ಆಹಾರ ಬಣ್ಣ) ಹಾಕುತ್ತಲೇ ಹೋಗುವುದು ಇನ್ನೊಂದು ಚಟ. ಜೆಲ್ ಅತಿಯಾದರೆ ಐಸಿಂಗ್ ಗಟ್ಟಿಯಾಗದು, ರುಚಿಯೂ ಕಹಿ. ಬಣ್ಣ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿದ್ದಾಗಲೇ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಐಸಿಂಗ್‌ಗೇ ತಾಗುವಂತೆ ಮುಚ್ಚಿ ರಾತ್ರಿಯಿಡೀ ಬಿಡಿ, ತಾನೇ ಗಾಢವಾಗುತ್ತದೆ. ಕಾಯುವುದೂ ಒಂದು ಸಾಮಗ್ರಿ ಎಂದು ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ನೋಡಿ. ಕಪ್ಪಿಗೆ ಮೊದಲು ಕೋಕೋ ಪುಡಿ ಬೆರೆಸಿಕೊಂಡರೆ ಜೆಲ್ ಕಡಿಮೆ ಸಾಕು.

ಬಿಳಿ ಹಳದಿಯೆನಿಸಿದರೆ ಕಡ್ಡಿಯ ತುದಿಯಷ್ಟು ನೇರಳೆ. ಬಣ್ಣ ಗಾಢವಾಗಿಬಿಟ್ಟರೆ ಅದಕ್ಕೆ ಬಿಳಿ ಸುರಿಯಬೇಡಿ, ಬಟ್ಟಲು ತುಂಬುತ್ತದಷ್ಟೆ. ಅದರಲ್ಲೇ ಒಂದು ಚಮಚ ತೆಗೆದು ಬೇರೆ ಬಿಳಿಗೆ ಬೆರೆಸಿ.

ಆಗಲೇ ಹರಡಿದ್ದರೆ? ಪೂರ್ತಿ ಒಣಗಿದ ಮೇಲೆ ಅಂಚಿಗೆ ಗಟ್ಟಿ ಐಸಿಂಗ್‌ನ ಗೆರೆ ಎಳೆದು ಮುಚ್ಚಿ. ಕಲೆ ಅಗಲವಾಗಿದ್ದರೆ ಆ ಭಾಗ ಕೆರೆದು ತೆಗೆದು ಮತ್ತೆ ತುಂಬುವುದೇ ದಾರಿ. ನೇರಳೆಗೆ ಬೆಳಕೂ ಶತ್ರು: ಅದರೊಳಗಿನ ಗುಲಾಬಿ ಮೊದಲು ಮಾಸಿ ನೀಲಿ ಉಳಿಯುತ್ತದೆ. ಒಣಗಿಸುವಾಗಲೂ ಕಿಟಕಿಯಿಂದ ದೂರ ಇಡಿ.