ಪರದೆಯಲ್ಲಿ ಕಂಡದ್ದು ಡಿಸ್ಕಿನಲ್ಲಿ ಇರಲಿಲ್ಲ

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲಿನ ತೋಟದ ಮನೆಗಳಿಗೆ ಸಿಸಿಟಿವಿ ಕ್ಯಾಮೆರಾ ಅಳವಡಿಸುವುದು ನನ್ನ ಕೆಲಸ. ಇಲ್ಲಿ ಕ್ಯಾಮೆರಾ ಹಾಕಿಸುವ ಹೆಚ್ಚಿನವರ ಚಿಂತೆ ಅಡಿಕೆಯದು. ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನು ಮೂಟೆ ಕಟ್ಟಿಟ್ಟ ಮೇಲೆ ಮಾರಾಟವಾಗುವವರೆಗೂ ಮನೆಯವರಿಗೆ ನಿದ್ದೆ ಹತ್ತುವುದಿಲ್ಲ. ವರ್ಷದ ದುಡಿಮೆಯೆಲ್ಲ ಆ ಚೀಲಗಳಲ್ಲಿರುತ್ತದೆ.

ಹೋದ ಜನವರಿಯಲ್ಲಿ ಅಂಥದೊಂದು ಮನೆಯಿಂದ ಬೆಳಗಿನ ಆರೂವರೆಗೆ ಫೋನ್ ಬಂತು. ಎರಡು ಚೀಲ ಅಡಿಕೆ ಕಳುವಾಗಿತ್ತು. ಕಳ್ಳನ ಮುಖ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಪೆನ್‌ಡ್ರೈವ್ ಹಿಡಿದು ಹೊರಟೆ. ಜಗುಲಿಯ ಮಾನಿಟರ್‌ನಲ್ಲಿ ಅಂಗಳ, ಕೊಟ್ಟಿಗೆ, ಗೇಟು, ಅಡಿಕೆ ಕೋಣೆಯ ಬಾಗಿಲು ನಾಲ್ಕೂ ಸ್ವಚ್ಛವಾಗಿ ಕಾಣುತ್ತಿದ್ದವು. ಪ್ಲೇಬ್ಯಾಕ್ ತೆರೆದೆ. ರೆಕಾರ್ಡ್ ಆದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಬಣ್ಣದ ಗುರುತು ಇರುತ್ತದೆ. ಜನವರಿ ಖಾಲಿ. ಡಿಸೆಂಬರ್ ಖಾಲಿ. ಹಿಂದಕ್ಕೆ ಹೋಗುತ್ತಾ ಹೋದಂತೆ ಕೊನೆಯ ಗುರುತು ಸಿಕ್ಕಿದ್ದು ಜುಲೈ ತಿಂಗಳಲ್ಲಿ.

“ತಮ್ಮಾ, ದಿನವೂ ಇದರಲ್ಲಿ ಎಲ್ಲ ಕಾಣುತ್ತಿತ್ತಲ್ಲ?” ಎಂದರು ಯಜಮಾನರು.

ಕಾಣುತ್ತಿತ್ತು, ನಿಜ. ಕ್ಯಾಮೆರಾದಿಂದ ಬಂದ ಚಿತ್ರವನ್ನು ಡಿವಿಆರ್ ಎಂಬ ರೆಕಾರ್ಡಿಂಗ್ ಪೆಟ್ಟಿಗೆ ಒಂದು ಕಡೆ ಮಾನಿಟರ್‌ಗೆ ಕಳಿಸುತ್ತದೆ, ಇನ್ನೊಂದು ಕಡೆ ಹಾರ್ಡ್ ಡಿಸ್ಕ್‌ಗೆ ಬರೆಯುತ್ತದೆ. ಡಿಸ್ಕ್ ಕೆಟ್ಟು ಕುಳಿತರೂ ಮೊದಲನೆಯ ಕೆಲಸಕ್ಕೆ ತೊಂದರೆಯಿಲ್ಲ. ಇದು ನನಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ.

ಹೇಳದಿದ್ದದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಡಿಸ್ಕ್ ಕೈಕೊಟ್ಟರೆ ಡಿವಿಆರ್ ಬೀಪ್ ಎಂದು ಕೂಗಿಕೊಳ್ಳುವಂತೆ ಮಾಡಬಹುದು. ಆ ಮನೆಯಲ್ಲಿ ಇಲಿ ವಯರ್ ಕಡಿದು ಕೊಟ್ಟಿಗೆಯ ಕ್ಯಾಮೆರಾ ಹೋದಾಗ ರಾತ್ರಿಯಿಡೀ ಅದು ಕೂಗಿತ್ತು. ಮರುದಿನ ವಯರ್ ಸರಿಪಡಿಸಿದ ನಾನು, ಅಮ್ಮನವರಿಗೆ ನಿದ್ದೆ ಕೆಡಬಾರದೆಂದು ಎಲ್ಲ ಎಚ್ಚರಿಕೆಯ ಸದ್ದನ್ನೂ ಒಟ್ಟಿಗೆ ಆರಿಸಿಬಿಟ್ಟಿದ್ದೆ. ಕ್ಯಾಮೆರಾದ ಸದ್ದನ್ನಷ್ಟೇ ಆರಿಸಿದ್ದರೆ ಸಾಕಿತ್ತು. ಜುಲೈನಲ್ಲಿ ಡಿಸ್ಕ್ ನಿಂತಾಗ ಕೂಗಲು ಆ ಪೆಟ್ಟಿಗೆಗೆ ಬಾಯಿಯೇ ಇರಲಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಎಷ್ಟೋ ಸಲ ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ, ಗಾಳಿಯಾಡದ ಮರದ ಕಪಾಟಿನೊಳಗೆ ಅದನ್ನು ಕೂರಿಸಿದವನೂ ನಾನೇ. ಠಾಣೆಯವರು ದೃಶ್ಯ ಕೇಳಿದಾಗ ಕೊಡಲು ಏನೂ ಇರಲಿಲ್ಲ.

ಹೊಸ ಡಿಸ್ಕನ್ನು ನನ್ನ ಖರ್ಚಿನಲ್ಲಿ ಹಾಕಿದೆ. ಹಳೆಯ ಕಂಪ್ಯೂಟರಿನಿಂದ ತೆಗೆದದ್ದನ್ನಲ್ಲ, ಹಗಲೂ ರಾತ್ರಿ ಬರೆಯಲೆಂದೇ ತಯಾರಾದದ್ದನ್ನು. ಡಿವಿಆರ್ ಈಗ ಕಪಾಟಿನ ಹೊರಗೆ, ಒಳಕೋಣೆಯ ಎತ್ತರದ ಹಲಗೆಯ ಮೇಲಿದೆ.

ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂದು ಕೇಳಿದವರಿಗೆ “ಒಂದು ತಿಂಗಳು” ಎಂದು ಅಂದಾಜಿನಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಕ್ಯಾಮೆರಾ ಒಂದರ ಚಿತ್ರವನ್ನು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯಲು ಇಟ್ಟರೆ ಡಿಸ್ಕಿನಲ್ಲಿ ದಿನಕ್ಕೆ ಸುಮಾರು 21 ಜಿಬಿ ಜಾಗ ಬೇಕು. ನಾಲ್ಕು ಕ್ಯಾಮೆರಾ ಬಿಡುವಿಲ್ಲದೆ ಬರೆದರೆ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆಯೇ ಹೊಸದು ಬರೆಯಲು ಶುರುವಾಗುತ್ತದೆ. ಹದಿನೈದು ದಿನ ಬಿಟ್ಟು ಕಳವು ಗೊತ್ತಾದರೆ ಹುಡುಕಿ ಪ್ರಯೋಜನವಿಲ್ಲ. ಮನೆಯವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದೇ ತೋರಿಸುತ್ತೇನೆ.

ಕೆಲಸ ಒಪ್ಪಿಸುವ ದಿನ ಈಗ ಮೌಸ್ ನನ್ನ ಕೈಯಲ್ಲಿರುವುದಿಲ್ಲ. ಒಂದು ಗಂಟೆಯ ಹಿಂದೆ ನಾನು ಅಂಗಳ ದಾಟಿದ್ದನ್ನು ಅವರೇ ಹುಡುಕಿ ತೆಗೆಯಬೇಕು. ಡಿವಿಆರ್ ತೋರಿಸುವ ಸಮಯ ಮೊಬೈಲಿನ ಸಮಯಕ್ಕೆ ಹೊಂದುತ್ತದೆಯೇ ಎಂದು ಅವರೇ ನೋಡಬೇಕು. ಒಳಗಿನ ಬಟನ್ ಸೆಲ್ ಸೋತರೆ ಕರೆಂಟ್ ಹೋಗಿ ಬಂದಾಗ ತಾರೀಕೇ ಅಡ್ಡಾದಿಡ್ಡಿಯಾಗುತ್ತದೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಅಡಿಕೆ ಹೋದ ಆ ಮನೆಯಲ್ಲಿ ಈಗ ಈ ಕೆಲಸ ಅಮ್ಮನವರದು. ಪ್ರತಿ ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ, ಹಿಂದಿನ ದಿನ ದನಗಳು ಕೊಟ್ಟಿಗೆಗೆ ಬಂದ ಹೊತ್ತನ್ನು ಪ್ಲೇಬ್ಯಾಕ್‌ನಲ್ಲಿ ತೆಗೆದು ನೋಡುತ್ತಾರೆ. ಬೀಪ್ ಸದ್ದನ್ನು ಮತ್ತೆ ಹಾಕಿಸಿಕೊಂಡವರೂ ಅವರೇ.