ಮಳೆಯ ಭಯಕ್ಕೆ ಮಳೆ ಬೀಳುವ ಮನೆಯಲ್ಲೇ ಚಿಕಿತ್ಸೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯ ಗುಡ್ಡಗಳು ಕುಸಿದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟ ಕುಟುಂಬಗಳಲ್ಲಿ ನಮ್ಮದೂ ಒಂದು. ಪರಿಹಾರ ಕೇಂದ್ರದಿಂದ ಹೊರಬಂದ ಮೇಲೆ ಮನೆ, ತೋಟ, ದಾಖಲೆಪತ್ರ, ಪರಿಹಾರದ ಹಣ ಎಲ್ಲದರ ಬಗ್ಗೆಯೂ ಮಾತುಕತೆ ನಡೆಯಿತು. ನಿದ್ರೆಯ ಬಗ್ಗೆ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಜೂನ್ ಬಂತೆಂದರೆ ಶೀಟಿನ ಮೇಲೆ ಮಳೆಯ ಸದ್ದು ಜೋರಾದೊಡನೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು; ನಡುರಾತ್ರಿ ಎದ್ದು ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಇಳಿಜಾರಿನಲ್ಲಿ) ಬಿರುಕು ಬಿಟ್ಟಿದೆಯೇ ಎಂದು ನೋಡಿ ಬರುವುದು, ಹಸಿ ಮಣ್ಣಿನ ವಾಸನೆಗೆ ಹೊಟ್ಟೆ ತೊಳಸುವುದು ವರ್ಷ ವರ್ಷವೂ ನಡೆದು ಬಂತು. ಸುತ್ತಲಿನವರು ಇದನ್ನು ಎಚ್ಚರಿಕೆ ಎಂದು ಕರೆದರು.

2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದ ದೃಶ್ಯಗಳನ್ನು ಟಿವಿಯಲ್ಲಿ ಕಂಡ ಮೇಲೆ ನನಗೆ ಊಟವೂ ಸೇರದಾಯಿತು. ಆಗ ನಾನು 14416ಕ್ಕೆ ಕರೆ ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿ ಮಾತನಾಡಬಹುದು. ಅಲ್ಲಿನವರು ತಾಳ್ಮೆಯಿಂದ ಕೇಳಿ, ಮನಸ್ಸಿಗಾದ ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನು, ಅಂದರೆ ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರನ್ನು, ಕಾಣುವಂತೆ ಸೂಚಿಸಿದರು. ಹೀಗೆ ಬೆಂಗಳೂರಿನಲ್ಲಿರುವ, ಕನ್ನಡ ಬಲ್ಲ ಒಬ್ಬ ಮೇಡಂ ಜೊತೆ ವಿಡಿಯೊ ಕರೆಯ ಮೂಲಕ ನನ್ನ ಚಿಕಿತ್ಸೆ ಶುರುವಾಯಿತು.

ಮೊದಲ ದಿನವೇ ಎಲ್ಲವನ್ನೂ ಹೇಳಿಬಿಡಬೇಕಾಗುತ್ತದೆ ಎಂದು ಹೆದರಿ ಹಿಂಜರಿಯುವವರಿಗಾಗಿ ಈ ಭಾಗವನ್ನು ವಿವರವಾಗಿ ಬರೆಯುತ್ತಿದ್ದೇನೆ. ಮೊದಲ ಕೆಲವು ಭೇಟಿಗಳಲ್ಲಿ ಮೇಡಂ 2018ರ ಆ ರಾತ್ರಿಯ ಕಥೆಯನ್ನು ಕೇಳಲೇ ಇಲ್ಲ. ಪ್ರತಿ ಸಲವೂ ನಾನು ಎಲ್ಲಿ ಕುಳಿತಿದ್ದೇನೆ, ಮನೆಯಲ್ಲಿ ಯಾರಿದ್ದಾರೆ, ಮಾತು ಯಾರ ಕಿವಿಗಾದರೂ ಬೀಳುತ್ತದೆಯೇ ಎಂದು ವಿಚಾರಿಸುತ್ತಿದ್ದರು. ನನಗೆ ತೀರಾ ಕಷ್ಟವಾದರೆ ಕರೆಯಬಹುದಾದ ಹತ್ತಿರದ ಒಬ್ಬರ ಫೋನ್ ನಂಬರ್ ಪಡೆದುಕೊಂಡರು. ಪಕ್ಕದ ಮನೆಯ ಅಕ್ಕ ಅದಕ್ಕೆ ಒಪ್ಪಿದರು. ಕರೆಂಟ್ ಹೋಗಿ ಸಂಪರ್ಕ ಕಡಿದರೆ ಯಾರು ಯಾರಿಗೆ, ಎಷ್ಟು ನಿಮಿಷದೊಳಗೆ ಸಾದಾ ಫೋನ್ ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಯಿತು. ನಮ್ಮ ಕಡೆ ಮಳೆ, ಕರೆಂಟ್, ನೆಟ್‌ವರ್ಕ್ ಮೂರೂ ಒಟ್ಟಿಗೆ ಕೈಕೊಡುವುದರಿಂದ, ಅತ್ಯಂತ ಭಯದ ಗಳಿಗೆಯಲ್ಲೇ ಪರದೆಯ ಮೇಲಿನ ಮುಖ ಮಾಯವಾಗುವ ಸಾಧ್ಯತೆ ನಿಜವಾಗಿಯೂ ಇತ್ತು. ಹಾಗೆ ಕಡಿದಾಗಲೆಲ್ಲ ಒಪ್ಪಂದದಂತೆ ಫೋನ್ ಬಂತು, ಮತ್ತು ನನಗೆ ಮೇಡಂ ಮೇಲೆ ನಂಬಿಕೆ ಹುಟ್ಟಿದ್ದು ಬಹುಮಟ್ಟಿಗೆ ಈ ಫೋನ್‌ಗಳಿಂದಲೇ.

ನೆಲದ ಮೇಲೆ ಪಾದ ಊರಿ ಕೂರುವುದು, ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು, ಉಸಿರನ್ನು ನಿಧಾನವಾಗಿ ಬಿಡುವುದು ಇವು ಚೆನ್ನಾಗಿ ರೂಢಿಯಾದ ಮೇಲೆಯೇ ನೆನಪಿನ ಕೆಲಸ ಆರಂಭವಾಯಿತು. ಅವರು ಬಳಸಿದ್ದು ಇಎಂಡಿಆರ್ ಎಂಬ ವಿಧಾನ. ಅಮೆರಿಕದ ಫ್ರಾನ್ಸಿನ್ ಶಪಿರೊ 1987ರ ಸುಮಾರಿಗೆ ಇದನ್ನು ರೂಪಿಸಿದರು. ಆಘಾತಕ್ಕೆ ಸಂಬಂಧಿಸಿದ ಕಾಯಿಲೆಗೆ ಇದನ್ನೂ ಆಘಾತ ಕೇಂದ್ರಿತ ಸಿಬಿಟಿಯನ್ನೂ (ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಇಎಂಡಿಆರ್‌ನಲ್ಲಿ ಅತಿ ನೋವಿನ ಒಂದು ಚಿತ್ರವನ್ನು ಮನಸ್ಸಿಗೆ ತಂದುಕೊಂಡು, ಸಂಕಟ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಹೇಳಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಎಡ ಬಲ ಎಂದು ಮೆಲ್ಲಗೆ ತಟ್ಟಿಕೊಳ್ಳುತ್ತಾ, ಮನಸ್ಸಿಗೆ ಏನು ಬರುತ್ತದೋ ಅದನ್ನು ತಡೆಯದೆ ಗಮನಿಸಬೇಕು. ‘ಚಿಟ್ಟೆಯ ಅಪ್ಪುಗೆ’ ಎನ್ನುವ ಈ ತಟ್ಟುವಿಕೆ ಹುಟ್ಟಿದ್ದು ಮೆಕ್ಸಿಕೊದಲ್ಲಿ, 1997ರ ಪಾಲಿನ್ ಚಂಡಮಾರುತದಲ್ಲಿ ನೊಂದವರಿಗೆ ನೆರವಾಗುವ ಕೆಲಸದಲ್ಲಿ. ಗಾಳಿ ಮಳೆಗೆ ಮನೆಮಠ ಕಳೆದುಕೊಂಡವರ ನಡುವೆ ಮೊದಲು ಬಳಕೆಯಾದ ಕ್ರಮವೊಂದು ನನ್ನ ಕೈಗೆ ಬಂದಿದೆ ಎಂದು ತಿಳಿದಾಗ ನನಗೆ ಬಹಳ ಧೈರ್ಯ ಬಂತು.

ಆನ್‌ಲೈನ್ ಎಂದರೆ ಬಸ್ಸಿನ ಖರ್ಚು ಉಳಿಯಿತೆಂದಷ್ಟೇ ಹಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದರ ಬೆಲೆ ಬೇರೆಡೆ ಇದೆ. ಬೆಂಗಳೂರಿನ ನಿಶ್ಶಬ್ದ ಕೋಣೆಯೊಂದರಲ್ಲಿ ನಾನು ಶಾಂತವಾಗಿರುವುದನ್ನು ಕಲಿತಿದ್ದರೆ, ಆ ಶಾಂತಿಯನ್ನು ಘಟ್ಟದ ಮಳೆಯೊಳಕ್ಕೆ ಒಬ್ಬಳೇ ತರಬೇಕಾಗುತ್ತಿತ್ತು. ಇಲ್ಲಿ ಶೀಟಿನ ಮೇಲೆ ಮಳೆ ಸುರಿಯುತ್ತಿರುವಾಗಲೇ, ಹಿಂದೆ ಅದೇ ಬರೆ ಇರುವಾಗಲೇ, ನನ್ನ ಮೈ ಹೆದರಿಕೆಯಿಂದ ಇಳಿದು ಬರುವುದನ್ನು ಮತ್ತೆ ಮತ್ತೆ ಕಂಡೆ.

ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ನೋವು ಕೊಡುವವರು ಅದೇ ಮನೆಯಲ್ಲಿದ್ದರೆ, ಸಾಯುವ ಯೋಚನೆ ಬಲವಾಗಿದ್ದರೆ, ಇಲ್ಲವೇ ಮಾತಿನ ನಡುವೆ ಪ್ರಜ್ಞೆ ತಪ್ಪಿದಂತೆ ದೂರ ಹೋಗಿಬಿಡುವವರಾದರೆ, ಎದುರಿಗೆ ಕುಳಿತು ನೋಡುವವರು ಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಔಷಧಿ ಬೇಕಾದರೂ ಬರೆದುಕೊಡುವವರು ಅವರೇ, ಸೈಕಾಲಜಿಸ್ಟ್ ಅಲ್ಲ. ಆನ್‌ಲೈನ್‌ನಲ್ಲಿ ಯಾರನ್ನೇ ಆರಿಸಿಕೊಂಡರೂ ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇದೆಯೇ, ಆಘಾತದ ಚಿಕಿತ್ಸೆಯಲ್ಲಿ ಯಾವ ತರಬೇತಿ ಪಡೆದಿದ್ದಾರೆ ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವವರ ಬಳಿ ಹೋಗಬೇಡಿ.

ಇನ್ನೊಂದು ಮಾತು. ‘ಇನ್ನೇನೂ ಆಗುವುದಿಲ್ಲ’ ಎಂದು ಮೇಡಂ ಒಮ್ಮೆಯೂ ಹೇಳಲಿಲ್ಲ. ಅದಕ್ಕಾಗಿ ಅವರ ಬಗ್ಗೆ ನನಗೆ ತುಂಬ ಗೌರವವಿದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿದದ್ದನ್ನು ಕಂಡವರಿಗೆ ಅಂಥ ಸಮಾಧಾನ ಸುಳ್ಳೆಂದು ಗೊತ್ತು. ಬದಲಿಗೆ, ಈಗಿನ ಅಪಾಯ ಯಾವುದು, 2018ರ ನೆನಪು ಯಾವುದು ಎಂದು ಬೇರ್ಪಡಿಸುವುದನ್ನು ಅವರು ಕಲಿಸಿದರು. ಬರೆಯನ್ನು ನೋಡುವುದು ಹಗಲಿನಲ್ಲಿ, ದಿನಕ್ಕೆ ಒಂದೇ ಸಲ. ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ಓದುತ್ತೇನೆ. ರೆಡ್ ಅಲರ್ಟ್ ಇದ್ದರೆ ಕತ್ತಲಾಗುವ ಮೊದಲೇ ಕುಶಾಲನಗರದ ಚಿಕ್ಕಮ್ಮನ ಮನೆಗೆ ಹೊರಡುತ್ತೇವೆ, ಇಲ್ಲದಿದ್ದರೆ ಟಾರ್ಚ್ ಮುಟ್ಟದೆ ಮಲಗುತ್ತೇನೆ.