ಗೊತ್ತಿದ್ದರೆ ಹೇಳುತ್ತೇನೆ

ಮೊಬೈಲ್ ತೆಗೆದರೆ ಸಾಕು, ಎರಡು ದಿನದಲ್ಲಿ ಉಪನಿಷತ್ತು ಕಲಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಜಾಹೀರಾತು. ಕಲಿಸಲಿ ಬಿಡಿ, ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ನೋಡಿದಾಗೆಲ್ಲ ಪ್ರಶ್ನೋಪನಿಷತ್ತಿನ ಗುರು ಪಿಪ್ಪಲಾದ ನೆನಪಾಗುತ್ತಾನೆ.

ಆರು ಜನ ಶಿಷ್ಯರಾಗಲು ಕೈಯಲ್ಲಿ ಸಮಿತ್ತು (ಹೋಮದ ಕಟ್ಟಿಗೆ) ಹಿಡಿದು ಅವನ ಹತ್ತಿರ ಬರುತ್ತಾರೆ. ಸುಮ್ಮನೆ ಬಂದವರಲ್ಲ, ಒಬ್ಬೊಬ್ಬರೂ ಓದಿಕೊಂಡವರೇ. ಪಿಪ್ಪಲಾದ ಅವರನ್ನು ಕೂರಿಸಿ ಪಾಠ ಶುರು ಮಾಡುವುದಿಲ್ಲ. ಇನ್ನೊಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಯಿಂದ ಇಲ್ಲೇ ಇರಿ, ಆಮೇಲೆ ಏನು ಬೇಕೋ ಕೇಳಿ, ನಮಗೆ ಗೊತ್ತಿದ್ದರೆ ಎಲ್ಲವನ್ನೂ ಹೇಳುತ್ತೇವೆ ಅನ್ನುತ್ತಾನೆ. ಆ 'ಗೊತ್ತಿದ್ದರೆ' ಇದೆಯಲ್ಲ, ಅಲ್ಲೇ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಒಂದು ವರ್ಷ ಕಾಯಿಸುವವನು ಉತ್ತರದ ಗ್ಯಾರಂಟಿ ಕೊಡುತ್ತಿಲ್ಲ!

ಆ ಆರು ಜನರಲ್ಲಿ ಸುಕೇಶ ಅಂತ ಒಬ್ಬ. ಅವನದು ಕೊನೆಯ ಪ್ರಶ್ನೆ. ಕೋಸಲದ ರಾಜಕುಮಾರ ಹಿರಣ್ಯನಾಭ ಹಿಂದೊಮ್ಮೆ ಇವನ ಹತ್ತಿರ ಬಂದು, ಹದಿನಾರು ಕಲೆಗಳ, ಅಂದರೆ ಹದಿನಾರು ಅಂಶಗಳ ಪುರುಷನನ್ನು ಬಲ್ಲೆಯಾ ಎಂದು ಕೇಳಿದ್ದನಂತೆ. ರಾಜಕುಮಾರ ಕೇಳುತ್ತಿದ್ದಾನೆ, ಏನೋ ಒಂದು ಹೇಳಿ ಕಳಿಸಬಹುದಿತ್ತು. ಸುಕೇಶ ಹಾಗೆ ಮಾಡಲಿಲ್ಲ. ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಯಾಕೆ ಹೇಳುತ್ತಿರಲಿಲ್ಲ, ಸುಳ್ಳು ಹೇಳುವವನು ಬೇರುಸಹಿತ ಒಣಗಿಹೋಗುತ್ತಾನೆ ಎಂದ. ರಾಜಕುಮಾರ ಮಾತಾಡದೆ ರಥ ಹತ್ತಿ ಹೊರಟುಹೋದ.

ಅಧ್ಯಾತ್ಮ ಹೇಳಿಕೊಡುವುದು ಪವಿತ್ರ ಕೆಲಸ ಅಂದಾಗ ನಾವು ಶಿಷ್ಯನ ಮಡಿ, ನಮಸ್ಕಾರ, ಸೇವೆ ಇಷ್ಟನ್ನೇ ಯೋಚಿಸುತ್ತೇವೆ. ಆದರೆ ಹಳೆಯ ಗ್ರಂಥಗಳಲ್ಲಿ ಕಟ್ಟುಪಾಡು ಗುರುವಿಗೂ ಅಷ್ಟೇ ಬಿಗಿ. ಸಂಬಳಕ್ಕೆ ವೇದ ಹೇಳಿಕೊಡುವವನನ್ನು ಶ್ರಾದ್ಧದ ಊಟಕ್ಕೂ ಕರೆಯಬೇಡಿ ಅನ್ನುತ್ತದೆ ಮನುಸ್ಮೃತಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕ ರಾಜ ಮತ್ತೆಮತ್ತೆ ಸಾವಿರ ಹಸು ಕೊಡುತ್ತೇನೆ ಅಂದರೂ ಅವನಿಗೆ ಹೇಳಿಕೊಡುತ್ತಿದ್ದ ಯಾಜ್ಞವಲ್ಕ್ಯ ಒಪ್ಪುವುದಿಲ್ಲ. ಪೂರ್ತಿ ಕಲಿಸದೆ ತೆಗೆದುಕೊಳ್ಳಬಾರದು ಅನ್ನುವುದು ನಮ್ಮಪ್ಪನ ಅಭಿಪ್ರಾಯವಾಗಿತ್ತು ಎನ್ನುತ್ತಾನೆ. (ಇದೇ ಯಾಜ್ಞವಲ್ಕ್ಯ ಇನ್ನೊಂದು ಕಡೆ ವಾದ ಶುರುವಾಗುವ ಮೊದಲೇ ಸಾವಿರ ಹಸು ಹೊಡೆದುಕೊಂಡು ಹೋಗಲು ಶಿಷ್ಯನಿಗೆ ಹೇಳಿದವನು. ಸನ್ಯಾಸಿಯ ಮುಖ ಹಾಕಿಕೊಂಡ ಆಸಾಮಿ ಅಲ್ಲ, ಅದಕ್ಕೇ ನನಗೆ ಇಷ್ಟ.)

ವೇದ ಪಾಠಶಾಲೆಯಲ್ಲಿ ಸಂಥೆ ಹೇಳುವುದನ್ನು ಕೇಳಿದ್ದೀರಾ? ಗುರುಗಳು ಒಂದು ತುಣುಕು ಒಂದು ಸಲ ಹೇಳಿದರೆ ಮಕ್ಕಳು ಎರಡು ಸಲ ಹೇಳಬೇಕು. ಸ್ವರ ಒಂಚೂರು ತಪ್ಪಿದರೂ ಮತ್ತೆ ಮೊದಲಿಂದ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗೆ ಅನಧ್ಯಯನ, ಹೊಸ ಪಾಠ ಇಲ್ಲ. ಹೀಗೆ ಬಾಯಿಂದ ಬಾಯಿಗೆ ಬಂದ ವೇದಪಠಣವನ್ನು ಯುನೆಸ್ಕೊ 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಈ ಬಿಗಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಯೋಗ್ಯತೆ ಇದ್ದವರಿಗೆ ಮಾತ್ರ ಅನ್ನುವ ಮಾತು ಕಾಲಕ್ರಮದಲ್ಲಿ ಇಂಥ ಜಾತಿಯವರಿಗೆ, ಗಂಡಸರಿಗೆ ಮಾತ್ರ ಅಂತಾಯಿತು. ಶ್ರದ್ಧೆ ಇದೆಯೇ ಅಂತ ನೋಡುವುದು ಬೇರೆ, ಹುಟ್ಟು ನೋಡಿ ಬಾಗಿಲು ಹಾಕುವುದು ಬೇರೆ, ಅಲ್ವಾ?

ರಾಮಾನುಜರ ಕತೆ ನಿಮಗೆ ಗೊತ್ತಿರಬಹುದು. ತಮಿಳುನಾಡಿನ ತಿರುಕೋಷ್ಟಿಯೂರಿಗೆ ಹದಿನೆಂಟು ಸಲ ಅಲೆದ ಮೇಲೆ ಅಲ್ಲಿನ ಗುರು ನಂಬಿಯವರು ಮಂತ್ರದ ರಹಸ್ಯ ಹೇಳಿಕೊಟ್ಟರಂತೆ. ಯಾರಿಗೂ ಹೇಳಬೇಡ, ಹೇಳಿದರೆ ನರಕ ಅನ್ನುವ ಷರತ್ತು. ರಾಮಾನುಜರು ಹೋಗಿ ದೇವಸ್ಥಾನದ ಮೇಲೆ ಹತ್ತಿ ಎಲ್ಲರಿಗೂ ಕೂಗಿ ಹೇಳಿಬಿಟ್ಟರು. ನಂಬಿಯವರು ಸಿಟ್ಟಾಗಿ ಕೇಳಿದಾಗ, ಇಷ್ಟು ಜನ ಉದ್ಧಾರ ಆಗುವುದಾದರೆ ನಾನೊಬ್ಬ ನರಕಕ್ಕೆ ಹೋಗುತ್ತೇನೆ ಎಂದರು. ಎಲ್ಲರೂ ಆ ಮಾತನ್ನೇ ಹೊಗಳುತ್ತಾರೆ. ನನಗೆ ನಂಬಿಯವರ ಮೇಲೇ ಗೌರವ ಜಾಸ್ತಿ. ಮಾತು ಮೀರಿದ ಶಿಷ್ಯನ ಉತ್ತರವನ್ನು ಅವರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಅವನನ್ನೇ ತಬ್ಬಿಕೊಂಡು 'ಎಂಪೆರುಮಾನಾರ್', ಅಂದರೆ ನಮ್ಮ ಒಡೆಯ, ಎಂದು ಕರೆದರು.